ವಿಮಾನ ಏರಿದಾಗ ಇಂಕ್ ಪೆನ್ನು ಕಕ್ಕದಿರಲು

ಕರಡಿನ 112ನೇ ಪುಟ ಇಂದಿಗೂ ನನ್ನ ಬಳಿ ಇದೆ. ಅದರ ಮೇಲಂಚಿನಲ್ಲಿ ಲೇಖಕರು ಕೈಯಾರೆ ಬರೆದು ಸೇರಿಸಿದ್ದ ಎರಡು ಸಾಲುಗಳಿದ್ದವು. ಈಗ ಅಲ್ಲಿರುವುದು ಬಲಕ್ಕೆ ಎಳೆದಂತೆ ಹರಡಿದ ಒಂದು ನೀಲಿ ಕಲೆ. ಅಚ್ಚಿನ ಅಕ್ಷರಗಳು ಕಲೆಯ ಅಡಿಯಿಂದಲೂ ಕಾಣುತ್ತವೆ. ಲೇಸರ್ ಮುದ್ರಣದ ಕಪ್ಪು ನೀರಿಗೆ ಕರಗುವುದಿಲ್ಲ. ಹೋದದ್ದು ಕೈಬರಹ ಮಾತ್ರ. ವಿಮಾನ ಇಳಿದ ಮೇಲೆ ಲೇಖಕರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನು ಬರೆದಿದ್ದೆನೋ ನೆನಪಾಗುತ್ತಿಲ್ಲ, ಹೊಸದಾಗಿ ಬರೆದು ಕಳಿಸುತ್ತೇನೆ" ಎಂದರು. ಹೊಸ ಸಾಲುಗಳು ಬಂದವು, ಪುಸ್ತಕದಲ್ಲಿ ಅಚ್ಚೂ ಆದವು. ಆದರೆ ಮೊದಲಿನ ಸಾಲುಗಳನ್ನು ನಾನು ಒಮ್ಮೆ ಓದಿದ್ದೆ. ಅವು ಇವುಗಳಿಗಿಂತ ಚೆನ್ನಾಗಿದ್ದವು. ಅವುಗಳ ಅರ್ಥ ಮನಸ್ಸಿನಲ್ಲಿದೆ, ಮಾತು ಉಳಿದಿಲ್ಲ.

ನಾನು ಕರಡು ತಿದ್ದುವವಳು. ಕೆಲಸದ ನಿಮಿತ್ತ ವಿಮಾನದಲ್ಲಿ ಓಡಾಡುವುದು ಹೆಚ್ಚು. ಆ ಎರಡು ಮೂರು ಗಂಟೆಗಳಲ್ಲಿ ಫೋನ್ ಬಾರದ ಕಾರಣ ಕೆಲಸ ಚೆನ್ನಾಗಿ ಸಾಗುತ್ತದೆ. ತಿದ್ದುವುದು ಇಂಕ್ ಪೆನ್ನಿನಲ್ಲಿಯೇ. ಬಾಲ್ ಪೆನ್ನಿನಲ್ಲಿ ನೂರು ಪುಟ ತಿದ್ದಿದರೆ ಹೆಬ್ಬೆರಳಿನ ಬುಡ ನೋಯುತ್ತದೆ, ಏಕೆಂದರೆ ಅದನ್ನು ಒತ್ತಿ ಬರೆಯಬೇಕು. ಇಂಕ್ ಪೆನ್ನನ್ನು ಕಾಗದಕ್ಕೆ ತಾಗಿಸಿದರೆ ಸಾಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆ ಬಾಲ್ ಪೆನ್ನನ್ನು ಮೆಚ್ಚಿಕೊಂಡದ್ದು ಅದು ಎತ್ತರದಲ್ಲೂ ಸೋರುವುದಿಲ್ಲ ಎಂಬ ಕಾರಣಕ್ಕೆ. ಹಾಗಾಗಿ "ವಿಮಾನದಲ್ಲಿ ಬಾಲ್ ಪೆನ್ನು ಹಿಡಿದರೆ ಮುಗಿಯಿತಲ್ಲ" ಎನ್ನುವವರ ಮಾತು ತಪ್ಪೇನಲ್ಲ. ಆದರೆ ನನ್ನ ಕೈಗೆ ಅದು ಒಗ್ಗುವುದಿಲ್ಲ. ಇಂಕ್ ಪೆನ್ನು ಬಿಡಲಾಗದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ ದಿನದ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಒಂದಿತ್ತು. ಹೋಗುವಾಗ ಅದೇ ಪೆನ್ನು, ಅದೇ ಚೀಲ, ಅಷ್ಟೇ ಎತ್ತರದಲ್ಲಿ ಹಾರುವ ವಿಮಾನ. ಒಂದು ಹನಿಯೂ ಸೋರಿರಲಿಲ್ಲ. ಬರುವಾಗ ಕಕ್ಕಿತು. ಪೆನ್ನು ಕೆಟ್ಟಿತೆಂದುಕೊಂಡು ಮನೆಗೆ ಬಂದು ಬಿಚ್ಚಿ ತೊಳೆದು ನೋಡಿದೆ. ಬಿರುಕಿಲ್ಲ, ತಿರುಪು ಸಡಿಲವಾಗಿಲ್ಲ, ನಿಬ್ಬು ನೆಟ್ಟಗಿದೆ. ಮತ್ತೆ ಇಂಕು ತುಂಬಿಸಿ ಒಂದು ವಾರ ಬರೆದೆ, ಏನೂ ಆಗಲಿಲ್ಲ. ಕಾರಣ ಪೆನ್ನಿನಲ್ಲಿರಲಿಲ್ಲ, ಪೆನ್ನಿನೊಳಗಿನ ಗಾಳಿಯಲ್ಲಿತ್ತು ಎಂಬುದು ಹೊಳೆಯಲು ಇನ್ನೂ ಕೆಲವು ದಿನ ಬೇಕಾಯಿತು.

ವಿಮಾನ ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರಿದರೂ ಒಳಗಿನ ಗಾಳಿಯನ್ನು ಒತ್ತಿ ಇಟ್ಟಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ನೆಲದ ಮಟ್ಟದಷ್ಟೇ ಒತ್ತಡವನ್ನು ಇಡುವುದಿಲ್ಲ. ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟು ಒತ್ತಡ ಇರುತ್ತದೆಯೋ ಅಷ್ಟನ್ನು ಒಳಗೆ ಕಾಯ್ದುಕೊಳ್ಳುತ್ತಾರೆ. 8,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮುಕ್ಕಾಲು ಭಾಗ. ಒತ್ತಡ ಮುಕ್ಕಾಲಾದರೆ ಗಾಳಿ ಮೂರನೆಯ ಒಂದರಷ್ಟು ಹಿಗ್ಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲೇ ಪ್ರಕಟಿಸಿದ ನಿಯಮ ಇದು, ನಾವೆಲ್ಲ ಶಾಲೆಯಲ್ಲಿ ಉರು ಹೊಡೆದದ್ದು. ಬೋಯಿಂಗ್ 787ರಂಥ ಹೊಸ ವಿಮಾನಗಳಲ್ಲಿ ಒಳಗಿನ ಒತ್ತಡ 6,000 ಅಡಿ ಎತ್ತರದಲ್ಲಿರುವುದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುತ್ತಾರೆ, ಹಾಗಾಗಿ ಅಲ್ಲಿ ಹಿಗ್ಗುವುದು ಕಾಲು ಭಾಗ ಮಾತ್ರ. ನಡುದಾರಿಯಲ್ಲಿ ಕುಡಿದು ಮುಗಿಸಿ ಬಿರಡೆ ಬಿಗಿದ ನೀರಿನ ಬಾಟಲಿ ಇಳಿಯುವಾಗ ತಾನಾಗಿ ನುಜ್ಜಾಗುವುದನ್ನು ನೀವೂ ನೋಡಿರುತ್ತೀರಿ. ಪೆನ್ನಿನೊಳಗೆ ನಡೆಯುವುದು ಇದರ ತಿರುವುಮುರುವು.

ಈಗ ಲೆಕ್ಕ ಹಾಕಿ ನೋಡಿ. ಕನ್ವರ್ಟರ್ ಎಂದರೆ ಪೆನ್ನಿನ ಒಡಲೊಳಗೆ ಕೂರುವ, ಹಿಂದಿನ ತಿರುಪು ತಿರುಗಿಸಿ ಇಂಕು ಎಳೆದುಕೊಳ್ಳುವ ಸಣ್ಣ ಕೊಳವೆ. ಒಂದು ಸಾಮಾನ್ಯ ಕನ್ವರ್ಟರಿನಲ್ಲಿ ಹೆಚ್ಚುಕಡಿಮೆ 0.8 ಮಿಲಿಲೀಟರ್ ಇಂಕು ಹಿಡಿಯುತ್ತದೆ. ಅರ್ಧ ಖಾಲಿಯಾಗಿದ್ದರೆ ಒಳಗೆ 0.4 ಮಿಲಿಲೀಟರ್ ಗಾಳಿ ಇರುತ್ತದೆ. ಅದು ಮೂರನೆಯ ಒಂದರಷ್ಟು ಹಿಗ್ಗಿದರೆ 0.13 ಮಿಲಿಲೀಟರ್ ಇಂಕಿಗೆ ಜಾಗವಿಲ್ಲದಂತಾಗುತ್ತದೆ. ಅಂದರೆ ಎರಡು ಮೂರು ಹನಿ. ಡ್ರಾಪರಿನಿಂದ ಒಡಲಿಗೇ ಇಂಕು ಸುರಿದು ತುಂಬುವ ಹಳೆಯ ಬಗೆಯ ಪೆನ್ನಾದರೆ ಮೂರು ಮಿಲಿಲೀಟರ್ ಹಿಡಿಯಬಹುದು. ಅದರಲ್ಲಿ ಒಂದೇ ಮಿಲಿಲೀಟರ್ ಉಳಿದಿದೆ ಎಂದುಕೊಳ್ಳಿ. ಉಳಿದ ಎರಡು ಮಿಲಿಲೀಟರ್ ಗಾಳಿ ಹಿಗ್ಗಿ ಹೊರದಬ್ಬುವುದು ಹದಿಮೂರು ಹನಿಯಷ್ಟು. 112ನೇ ಪುಟದ ಮೇಲೆ ಬಿದ್ದದ್ದು ಇಂಥ ಪೆನ್ನಿನಿಂದ, ನನ್ನ ತಂದೆ ಲೆಕ್ಕದ ಪುಸ್ತಕಗಳನ್ನು ಬರೆಯುತ್ತಿದ್ದ ಪೆನ್ನು. ಹೋಗುವಾಗ ಕಂಠದವರೆಗೆ ತುಂಬಿತ್ತು, ಹಿಗ್ಗಲು ಗಾಳಿಯೇ ಇರಲಿಲ್ಲ. ನಾಲ್ಕು ದಿನ ಬರೆದು ಮರಳುವಾಗ ತಳದಲ್ಲಿ ಸ್ವಲ್ಪ ಇಂಕು, ಮೇಲೆಲ್ಲ ಗಾಳಿ. ಇಂಕು ಕಡಿಮೆ ಇದ್ದರೆ ಸೋರುವ ಭಯವೂ ಕಡಿಮೆ ಎಂದು ನಾನು ಅಷ್ಟು ವರ್ಷ ನಂಬಿದ್ದೆ. ನಿಜ ಅದಕ್ಕೆ ನೇರ ವಿರುದ್ಧ.

ಇದು ಪೆನ್ನಿಗೆ ಮಾತ್ರ ಅಂಟಿದ ರೋಗವಲ್ಲ. ಮುಕ್ಕಾಲು ಖಾಲಿಯಾದ ಶಾಂಪೂ ಬಾಟಲಿ, ಕಣ್ಣಿಗೆ ಹಾಕುವ ಔಷಧದ ಸೀಸೆ, ಇ-ಸಿಗರೇಟಿನ ದ್ರವದ ತೊಟ್ಟಿ, ಎಲ್ಲವೂ ಸೋರುವುದು ಇದೇ ಕಾರಣಕ್ಕೆ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರಲು ದಾರಿ ಹುಡುಕುತ್ತದೆ. ಆ ದಾರಿಯಲ್ಲಿ ದ್ರವ ಅಡ್ಡ ನಿಂತಿದ್ದರೆ ಅದನ್ನು ಮುಂದೆ ದಬ್ಬಿಕೊಂಡು ಬರುತ್ತದೆ. ಗಾಳಿಗೆ ಬೇರೆ ದಾರಿ ಕೊಟ್ಟರೆ ದ್ರವ ಇದ್ದಲ್ಲೇ ಇರುತ್ತದೆ.

ಕಣ್ಣಾರೆ ನೋಡದೆ ನನಗೆ ಸಮಾಧಾನವಾಗಲಿಲ್ಲ. ಒಡಲೂ, ನಿಬ್ಬಿನ ಕೆಳಗೆ ನಾಲಿಗೆಯಂತೆ ಅಂಟಿಕೊಂಡಿರುವ ಫೀಡ್ ಎಂಬ ಭಾಗವೂ ಪಾರದರ್ಶಕವಾಗಿರುವ ಒಂದು ಪೆನ್ನನ್ನು ತಂದೆ. ಮುಂದಿನ ಪ್ರಯಾಣದಲ್ಲಿ ಕಿಟಕಿಯ ಪಕ್ಕದ ಸೀಟು ಕೇಳಿ ಪಡೆದೆ. ಪೆನ್ನನ್ನು ಬೇಕೆಂದೇ ಮೂರನೆಯ ಒಂದು ಭಾಗ ಮಾತ್ರ ತುಂಬಿಸಿದ್ದೆ. ವಿಮಾನ ನೆಲ ಬಿಡುವ ಮೊದಲೇ ಮುಚ್ಚಳ ತೆಗೆದು, ಹಿಡಿಕೆಗೆ ಟಿಶ್ಯೂ ಸುತ್ತಿ, ನಿಬ್ಬು ಮೇಲಾಗುವಂತೆ ಹಿಡಿದು ಕುಳಿತೆ.

ಮೊದಲ ಐದು ನಿಮಿಷ ಏನೂ ಇಲ್ಲ. ಆಮೇಲೆ ಕಿವಿ ಕಟ್ಟಿ ಬಿಟ್ಟ ಹೊತ್ತಿಗೆ ಸರಿಯಾಗಿ ನಿಬ್ಬಿನ ನಡುವಿನ ತೂತಿನಲ್ಲಿ ಸಾಸಿವೆ ಗಾತ್ರದ ಒಂದು ಗುಳ್ಳೆ ಎದ್ದಿತು. ಹೊಳೆಯುತ್ತ ಒಂದು ಕ್ಷಣ ನಿಂತು ಒಡೆಯಿತು. ಅರ್ಧ ನಿಮಿಷದಲ್ಲಿ ಇನ್ನೊಂದು. ಫೀಡಿನ ಸಣ್ಣ ಕಾಲುವೆಯಲ್ಲಿ ಉಳಿದಿದ್ದ ಚೂರು ಇಂಕನ್ನು ದಾಟಿ ಗಾಳಿ ಹೊರಬರುತ್ತಿತ್ತು, ಅಷ್ಟೇ. ಒಡಲಿನ ತಳದಲ್ಲಿದ್ದ ಇಂಕು ಅಲುಗಲಿಲ್ಲ. ಅನಂತರ ಪೆನ್ನನ್ನು ನಿಧಾನವಾಗಿ ಬಾಗಿಸಿ ಅಡ್ಡಲಾಗಿ ಹಿಡಿದೆ. ಈಗ ಫೀಡಿನ ಬಾಯಿಗೆ ಇಂಕು ಅಡ್ಡ ಬಂತು. ಫೀಡಿನ ಕೆಳಭಾಗದಲ್ಲಿ ಬಾಚಣಿಗೆಯ ಹಲ್ಲುಗಳಂಥ ತೆಳು ಪದರಗಳಿರುತ್ತವಲ್ಲ, ಅವುಗಳ ನಡುವಿನ ಸಂದುಗಳು ಹಿಂದಿನಿಂದ ಮುಂದಕ್ಕೆ ಒಂದೊಂದಾಗಿ ನೀಲಿಯಾಗುತ್ತ ಬಂದವು. ಒಂಬತ್ತು ಸಂದು ತುಂಬುವವರೆಗೆ ಎಣಿಸಿದೆ. ಹತ್ತನೆಯದು ತುಂಬುವ ಹೊತ್ತಿಗೆ ನಿಬ್ಬಿನ ಹೊಟ್ಟೆಯಲ್ಲಿ ಹನಿಯೊಂದು ತೂಗತೊಡಗಿತ್ತು. ತಕ್ಷಣ ಪೆನ್ನನ್ನು ನೆಟ್ಟಗೆ ನಿಲ್ಲಿಸಿದೆ. ಆ ಹನಿಯನ್ನು ಟಿಶ್ಯೂ ಕುಡಿಯಿತು.

ಆ ಪದರಗಳು ಅಲಂಕಾರಕ್ಕಿವೆ ಎಂದುಕೊಂಡಿದ್ದೆ. ಹೆಚ್ಚಾದ ಇಂಕನ್ನು ಹಿಡಿದಿಟ್ಟುಕೊಳ್ಳುವ ಕಟ್ಟೆಗಳು ಅವು. ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಕು ಹೊರಹೋಗುವ, ಗಾಳಿ ಒಳಬರುವ ಕಾಲುವೆಗಳಿದ್ದ ಫೀಡಿಗೆ. 1941ರಲ್ಲಿ ಮಾರುಕಟ್ಟೆಗೆ ಬಂದ ಪಾರ್ಕರ್ 51ರ ನಿಬ್ಬಿನ ಹಿಂದೆ, ಹಿಡಿಕೆಯೊಳಗೆ, ಇಂಥ ಪದರಗಳ ದೊಡ್ಡ ಸಾಲೇ ಅಡಗಿತ್ತು. ಪದರ ಹೆಚ್ಚಿದ್ದಷ್ಟೂ ಪೆನ್ನು ಹೆಚ್ಚು ಇಂಕನ್ನು ನುಂಗಿಕೊಂಡು ಸುಮ್ಮನಿರುತ್ತದೆ. ನನ್ನ ತಂದೆಯ ಪೆನ್ನಿನ ಫೀಡಿನಲ್ಲಿ ನಾಲ್ಕೇ ಗೀರುಗಳಿವೆ.

ಹಾಗಾದರೆ ಮಾಡಬೇಕಾದದ್ದೇನು? ನಿಬ್ಬು ಮೇಲಿರಲಿ ಎಂದು ಎಲ್ಲರೂ ಹೇಳುತ್ತಾರೆ, ಸರಿಯಾದ ಮಾತು. ಆದರೆ ಅದರಲ್ಲೊಂದು ತೊಡಕಿದೆ. ಕನ್ವರ್ಟರಿನ ಕೊಳವೆ ಸಪೂರ. ಪೆನ್ನನ್ನು ನೆಟ್ಟಗೆ ನಿಲ್ಲಿಸಿದರೂ ಇಂಕು ಕೆಳಗಿಳಿಯದೆ ಮೇಲೆ, ಫೀಡಿನ ಬಾಯಿಯಲ್ಲೇ ಅಂಟಿಕೊಂಡು ನಿಲ್ಲುವುದುಂಟು. ಗಾಳಿ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ನಿಬ್ಬು ಮೇಲಿದೆ, ಎಲ್ಲ ಸರಿಯಿದೆ. ಒಳಗೆ ಮಾತ್ರ ಗಾಳಿಯ ದಾರಿಗೆ ಇಂಕು ಅಡ್ಡ. ಆದ್ದರಿಂದ ವಿಮಾನ ಹತ್ತುವ ಮೊದಲು ಪೆನ್ನಿನ ಒಡಲು ಬಿಚ್ಚಿ, ನಿಬ್ಬು ಮೇಲೆ ಮಾಡಿ ಹಿಡಿದು, ಕನ್ವರ್ಟರಿಗೆ ಬೆರಳಿನ ಉಗುರಿನಿಂದ ನಾಲ್ಕೈದು ಸಲ ತಟ್ಟಿ. ಇಂಕು ಕೆಳಗೆ ಜಾರಿದ್ದು ಕಣ್ಣಿಗೆ ಕಾಣಬೇಕು. ಕೆಲವು ಕನ್ವರ್ಟರುಗಳೊಳಗೆ ಒಂದು ಪುಟ್ಟ ಗುಂಡು ಅಥವಾ ಸುರುಳಿ ಇರುತ್ತದೆ. ಅದು ಇರುವುದೇ ಹೀಗೆ ಅಂಟಿಕೊಂಡ ಇಂಕನ್ನು ಬಿಡಿಸಲು. ಈ ತಟ್ಟುವ ಕೆಲಸವನ್ನು ಮಾಡದೆ "ನಿಬ್ಬು ಮೇಲಿಟ್ಟರೂ ಸೋರಿತು" ಎಂದು ಬೇಸರಪಟ್ಟವರನ್ನು ನಾನು ಕಂಡಿದ್ದೇನೆ.

ಎರಡನೆಯದು ತುಂಬಿಸುವುದು. ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಎನ್ನುತ್ತಾರೆ. ವಿಮಾನದಲ್ಲಿ ಬರೆಯುವ ಅಗತ್ಯವಿಲ್ಲದವರು ಖಾಲಿ ಮಾಡಿ ತೊಳೆದು ಒಣಗಿಸಿ ಒಯ್ಯಲಿ, ಅದಕ್ಕಿಂತ ನೆಮ್ಮದಿಯಿಲ್ಲ. ನನಗೆ ಬರೆಯಬೇಕು. ಪೂರ್ತಿ ತುಂಬಿಸಿದೆ ಎಂದುಕೊಂಡ ಕನ್ವರ್ಟರಿನಲ್ಲೂ ಮೇಲೊಂದು ಗುಳ್ಳೆ ಉಳಿದಿರುತ್ತದೆ. ಅದನ್ನು ತೆಗೆಯುವುದು ಹೀಗೆ: ಒಮ್ಮೆ ಇಂಕು ಎಳೆದುಕೊಂಡ ಮೇಲೆ ನಿಬ್ಬು ಮೇಲೆ ಮಾಡಿ ತಟ್ಟಿ, ಗಾಳಿ ಮೇಲೆ ಬಂದ ಮೇಲೆ ಹಿಂದಿನ ತಿರುಪನ್ನು ನಿಧಾನವಾಗಿ ತಿರುಗಿಸುತ್ತ ಗಾಳಿಯನ್ನು ಹೊರಗೆ ಬಿಡಬೇಕು. ನಿಬ್ಬಿನ ಬಳಿ ಇಂಕು ಇಣುಕಿದ ಕೂಡಲೇ ನಿಲ್ಲಿಸಿ, ಹಾಗೆಯೇ ಸೀಸೆಯಲ್ಲಿ ಅದ್ದಿ ಮತ್ತೆ ಎಳೆದುಕೊಳ್ಳಬೇಕು. ಎರಡು ಸಲ ಹೀಗೆ ಮಾಡಿದರೆ ಗುಳ್ಳೆ ಹೋಗುತ್ತದೆ. ಕನ್ವರ್ಟರಿಲ್ಲದೆ ಒಡಲಿಗೇ ಇಂಕು ಎಳೆದುಕೊಳ್ಳುವ ಪಿಸ್ಟನ್ ಪೆನ್ನುಗಳಿಗೂ ಇದೇ ಕ್ರಮ.

ಮರಳುವ ಪ್ರಯಾಣಕ್ಕೂ ಇದನ್ನೇ ಮಾಡಬೇಕು ಎಂಬುದನ್ನು ದಯವಿಟ್ಟು ಮರೆಯಬೇಡಿ. ಹೋಗುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ. ಬರುವಾಗ ಪೆನ್ನು ಅರ್ಧವಾಗಿರುತ್ತದೆ, ಮನಸ್ಸು ಮನೆಯ ಕಡೆಗಿರುತ್ತದೆ. ನಾನು ಈಗ ಐದು ಮಿಲಿಲೀಟರಿನ ಪುಟ್ಟ ಸೀಸೆಯಲ್ಲಿ ಇಂಕನ್ನು ಜೊತೆಗೆ ಒಯ್ಯುತ್ತೇನೆ. ಹೊರಡುವ ಹಿಂದಿನ ರಾತ್ರಿ ಪೆಟ್ಟಿಗೆ ಕಟ್ಟುವ ಮೊದಲು ಪೆನ್ನು ತುಂಬಿಸುತ್ತೇನೆ. ನಡುವೆ ಒಂದು ಊರಿನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಿದ್ದರೆ ಅದು ಎರಡನೆಯ ಏರಿಕೆ; ಮೊದಲ ವಿಮಾನದಲ್ಲಿ ಬರೆದು ಖಾಲಿ ಮಾಡಿದಷ್ಟೂ ಗಾಳಿ ಎರಡನೆಯದರಲ್ಲಿ ಹಿಗ್ಗುತ್ತದೆ. ಅಲ್ಲಿಯೂ ಒಮ್ಮೆ ತಟ್ಟಿ, ನಿಬ್ಬು ಮೇಲೆ ಮಾಡಿ ಇಡುತ್ತೇನೆ.

ಕಾರ್ಟ್ರಿಜ್, ಅಂದರೆ ಇಂಕು ತುಂಬಿಯೇ ಬರುವ ಪುಟ್ಟ ಕೊಳವೆ, ಬಳಸುವವರಿಗೆ ಇನ್ನೂ ಸುಲಭ. ಒಣಗಿದ ಪೆನ್ನನ್ನೂ ಚುಚ್ಚದ ಹೊಸ ಕಾರ್ಟ್ರಿಜನ್ನೂ ಬೇರೆ ಬೇರೆಯಾಗಿ ಒಯ್ದು, ವಿಮಾನ ಏರಿ ಸಮವಾಗಿ ಹಾರತೊಡಗಿದ ಮೇಲೆ ಜೋಡಿಸಿ. ಅಲ್ಲಿಂದ ಮುಂದೆ ಒಳಗಿನ ಒತ್ತಡ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಇಳಿಯುವಾಗ ಗಾಳಿ ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ, ಆಗ ಪೆನ್ನು ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಇಳಿಯುವ ವಿಮಾನದಲ್ಲಿ ನನ್ನ ಯಾವ ಪೆನ್ನೂ ಇದುವರೆಗೆ ಸೋರಿಲ್ಲ.

ಇನ್ನು ಕೆಲವು ಪೆನ್ನುಗಳಲ್ಲಿ ಇಂಕಿನ ತೊಟ್ಟಿಗೂ ಫೀಡಿಗೂ ನಡುವೆ ಬಾಗಿಲಿರುತ್ತದೆ. ಪೈಲಟ್ ಕಸ್ಟಮ್ 823, ಟ್ವಿಸ್ಬಿ ವ್ಯಾಕ್ 700 ಇಂಥವು. ಹಿಂಬದಿಯ ಗುಬಟನ್ನು ಬಿಗಿದರೆ ಒಳಗಿನ ಕಡ್ಡಿ ಮುಂದೆ ಬಂದು ಬಾಯಿ ಮುಚ್ಚುತ್ತದೆ. ಜಪಾನಿನ ಹಳೆಯ ಡ್ರಾಪರ್ ಪೆನ್ನುಗಳಲ್ಲೂ ಇದೇ ಉಪಾಯವಿದೆ. ವಿಮಾನದ ಪ್ರಯಾಣ ಹೆಚ್ಚಿರುವವರು ಹೊಸ ಪೆನ್ನು ಕೊಳ್ಳುವುದಾದರೆ ಈ ಬಗೆಯದನ್ನೇ ಆರಿಸಿಕೊಳ್ಳಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬಾಗಿಲು ಮುಚ್ಚಿದ್ದರೂ ಫೀಡಿನಲ್ಲಿರುವ ಇಂಕಿನಿಂದಲೇ ಒಂದೆರಡು ಪುಟ ಬರೆಯಬಹುದು.

ಮುಚ್ಚಳದ ವಿಷಯ ನನಗೆ ತಡವಾಗಿ ತಿಳಿಯಿತು. ಚೆನ್ನಾಗಿ ಬಿಗಿಯುವ ಮುಚ್ಚಳ ಒಳ್ಳೆಯದು ಎಂದುಕೊಂಡಿದ್ದೆ, ಒಂದು ಮಟ್ಟಿಗೆ ಅದು ನಿಜ. ಗಾಳಿಯಾಡದಂತೆ ಬಿಗಿದ ಮುಚ್ಚಳದೊಳಗೆ ನೆಲದ ಮೇಲಿನ ಒತ್ತಡವೇ ಉಳಿದಿರುತ್ತದೆ. ಆದ್ದರಿಂದ ವಿಮಾನ ಏರುವಾಗ ಪೆನ್ನು ಸುಮ್ಮನಿರುತ್ತದೆ. ಮೇಲೆ ಹೋದ ಮೇಲೆ ಮುಚ್ಚಳ ತಿರುಗಿಸಿ ತೆಗೆದ ಆ ಕ್ಷಣಕ್ಕೆ ಇಪ್ಪತ್ತು ನಿಮಿಷದಲ್ಲಿ ಆಗಬೇಕಿದ್ದ ಹಿಗ್ಗುವಿಕೆಯೆಲ್ಲ ಒಟ್ಟಿಗೆ ಆಗುತ್ತದೆ. ನನ್ನ ತಂದೆಯ ಪೆನ್ನಿನ ಮುಚ್ಚಳ ಅಂಥದ್ದು, ಮೂರೂವರೆ ಸುತ್ತು ತಿರುಗಿಸಬೇಕು. ಅಂದು ನಾನು ಅದನ್ನು ಕರಡಿನ ಮೇಲೆಯೇ, ನಿಬ್ಬು ಕೆಳಗೆ ಮಾಡಿ ತೆಗೆದಿದ್ದೆ. ಈಗ ಹಾಗಲ್ಲ. ಪೆನ್ನನ್ನು ಜೇಬಿನಿಂದ ತೆಗೆದು ನಿಬ್ಬಿನ ಕಡೆ ಮೇಲೆ ಮಾಡಿ ಒಂದು ನಿಮಿಷ ಹಿಡಿದು, ಎರಡು ಸಲ ತಟ್ಟಿ, ಕಾಗದದಿಂದ ದೂರ ಸರಿಸಿ, ಟಿಶ್ಯೂ ಅಡಿಯಲ್ಲಿಟ್ಟು, ಮುಚ್ಚಳವನ್ನು ನಿಧಾನವಾಗಿ ಸಡಿಲಿಸುತ್ತೇನೆ. ಮುಚ್ಚಳದೊಳಗೆ ಇಂಕು ಬಿದ್ದಿದೆಯೇ ಎಂದು ನೋಡಿ ಒರೆಸುತ್ತೇನೆ. ಆಮೇಲೆ ಬರೆಯುತ್ತೇನೆ.

ಪೆನ್ನನ್ನು ಸರಕಿನ ಪೆಟ್ಟಿಗೆಗೆ ಹಾಕಿ ಕಳಿಸಿದರೆ ಪಾರಾಗುತ್ತೇವೆ ಎಂಬುದು ಸುಳ್ಳು. ಪ್ರಯಾಣಿಕರ ವಿಮಾನದಲ್ಲಿ ಕೆಳಗಿನ ಸರಕಿನ ಕೋಣೆಯ ಒತ್ತಡವೂ ಮೇಲಿನಷ್ಟೇ ಇರುತ್ತದೆ. ಮೇಲಾಗಿ ಪೆಟ್ಟಿಗೆ ಯಾವ ಮಗ್ಗುಲಿಗೆ ಬೀಳುತ್ತದೋ ಹೇಳಲಾಗದು. ಇಂಕಿನ ಸೀಸೆಯನ್ನು ಮಾತ್ರ ನಾನು ಪೆಟ್ಟಿಗೆಯಲ್ಲಿ ಇಡುತ್ತೇನೆ. ಕೈಚೀಲದಲ್ಲಿ ಒಯ್ಯುವ ದ್ರವಗಳಿಗೆ ಬಹುತೇಕ ಕಡೆ ಒಂದು ಸೀಸೆಗೆ 100 ಮಿಲಿಲೀಟರಿನ ಮಿತಿಯಿದೆ, ಇಂಕಿನ ಸೀಸೆಗಳು ಹೆಚ್ಚಾಗಿ ಅದಕ್ಕಿಂತ ಚಿಕ್ಕವೇ. ಆದರೂ ಗಾಜಿನ ಸೀಸೆಯನ್ನು ಕಾಗದಗಳ ಪಕ್ಕದಲ್ಲಿ ಇಡಲು ನನಗೆ ಮನಸ್ಸು ಬಾರದು. ಬಿರಡೆಯ ಸುತ್ತ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಬಟ್ಟೆಗಳ ನಡುವೆ ಇಟ್ಟರೆ ಸಾಕು. ಪ್ಲಾಸ್ಟಿಕ್ ಸೀಸೆಯಾದರೆ ಸ್ವಲ್ಪ ಅದುಮಿ ಗಾಳಿ ತೆಗೆದು ಬಿರಡೆ ಹಾಕಿ. ಹಿಗ್ಗಲು ಅದಕ್ಕೊಂದಿಷ್ಟು ಜಾಗ ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ಹನಿ ಬಿದ್ದರೆ ಟಿಶ್ಯೂವಿನ ಒಂದು ಮೂಲೆಯನ್ನು ಚೂಪಾಗಿ ತಿರುಚಿ ಹನಿಯ ನೆತ್ತಿಗೆ ಮುಟ್ಟಿಸಿ. ಇಂಕು ತಾನಾಗಿ ಮೇಲೆ ಹತ್ತುತ್ತದೆ. ಹನಿ ಬತ್ತಿದ ಮೇಲೆ ಇನ್ನೊಂದು ಟಿಶ್ಯೂ ಹಾಸಿ ಮೇಲಿನಿಂದ ಒತ್ತಿ, ನೆಟ್ಟಗೆ ಎತ್ತಿ. ಹೀಗೆ ಮಾಡಿದ ಕಡೆ ಕಲೆ ಕಡಲೆಕಾಳಿನಷ್ಟು ಉಳಿದೀತು. ಅದರ ಸುತ್ತಲಿನ ಕೈಬರಹ ಉಳಿಯುತ್ತದೆ, ಮನೆಯಲ್ಲಿ ರದ್ದಿ ಕಾಗದದ ಮೇಲೆ ಹತ್ತಾರು ಸಲ ಮಾಡಿ ನೋಡಿದ್ದೇನೆ. ಆ ದಿನ ಲೇಖಕರ ಎರಡು ಸಾಲುಗಳ ಎಡತುದಿಯಲ್ಲಿ ಹನಿಗಳು ಬಿದ್ದು ಗುಂಡಗೆ ಮೈದುಂಬಿ ನಿಂತಿದ್ದವು, ಇನ್ನೂ ಹರಡಿರಲಿಲ್ಲ. ನಾನು ಗಾಬರಿಯಲ್ಲಿ ಕರವಸ್ತ್ರ ತೆಗೆದು ಎಡದಿಂದ ಬಲಕ್ಕೆ ಒರೆಸಿಬಿಟ್ಟೆ.